ಚಿಕ್ಕಪ್ಪನ ಗಂಟಲಲ್ಲಿ ಸಿಕ್ಕಿಕೊಂಡ ನಂಬರು

ಕೈಲಾಂಚ,
೧೬-೬-೨೦೨೫

ಸಮಸ್ತ ಹಿಪ್ಪುನೇರಳೆ ತೋಟಗಳಿಂದ ಗಡಿಪಾರಾದ ಮಹಾರಾಣಿ, ಸಕಲ ಕುರಿಮರಿಗಳ ಸಾಕುತಾಯಿ, ಸದ್ಯ ಮಾಗಡಿಯ ಬಾಡಿಗೆ ಮನೆಯ ಸಿಂಹಾಸನವನ್ನು ಅಲಂಕರಿಸಿರುವ ಪ್ರೀತಿಯ ರಮ್ಯಕ್ಕನ ಸನ್ನಿಧಾನಕ್ಕೆ, ಉಳಿದಿರುವ ಏಕೈಕ ಪ್ರಜೆಯಾದ ತಮ್ಮನ ಸಾಷ್ಟಾಂಗ.

ಆರೋಗ್ಯವಾಗಿದ್ದೀಯಾ? ಪ್ರಕಾಶ್ ಭಾವನ ಬೆನ್ನುನೋವು ಹೇಗಿದೆ? ನೀನು ಹೋದಾಗಿನಿಂದ ಅವ್ವ ಸಾರಿಗೆ ಉಪ್ಪು ಹಾಕುವುದನ್ನೇ ಮರೆಯುತ್ತಾಳೆ, ಯಾರೂ ಕೇಳುವುದಿಲ್ಲ. ಉಳಿದವರೆಲ್ಲ ಸೌಖ್ಯ, ಚಿಕ್ಕಪ್ಪನೊಬ್ಬನನ್ನು ಬಿಟ್ಟು. ಆ ಅಸೌಖ್ಯದ ಸುಖವಾರ್ತೆಗೇ ಈ ಕಾಗದ.

ನಟರಾಜು ಚಿಕ್ಕಪ್ಪ ತಾನು ಪೊಲೀಸು ಅನ್ನುವ ಒಂದೇ ಬಲದಿಂದ, ಕೇಸಿಲ್ಲದೆ ಏನಿಲ್ಲದೆ ನಿನ್ನ ಫೋನಿನ ದಾಖಲೆ ತೆಗೆಸಿ, ಮದುವೆಗೆ ಮುಂಚೆ ನೀನು ಭಾವನಿಗೆ ಮಾಡಿದ ಕರೆಗಳನ್ನೆಲ್ಲ ಜಗಲಿಯ ಮೇಲೆ ಊರಿಗೇ ಕೇಳುವಂತೆ ಓದಿದನಲ್ಲ, ತಾತ ನಿನ್ನನ್ನು ಹೊಸಿಲು ದಾಟಿಸಿದನಲ್ಲ, ಅವತ್ತೇ ನಾನು ಶಪಥ ಮಾಡಿದ್ದೆ. ಇತ್ತೀಚೆಗೆ ದಿನಾ ಸಂಜೆ ಅವನ ಕಣ್ಣೆದುರೇ ಫೋನ್ ಹಿಡಿದು ಹಿತ್ತಲಿಗೆ ಹೋಗಿ, ಒಸಿ ನಾಚಿಕೊಂಡು, ಒಂದೇ ನಂಬರಿನ ಜೊತೆ ಮಾತಾಡತೊಡಗಿದೆ. ನಿನ್ನೆ ಬಾಡೂಟಕ್ಕೆ ನೆಂಟರೆಲ್ಲ ಕೂತಿದ್ದಾಗ ಮೀನು ಗಾಳ ನುಂಗಿತು. "ಏನ್ಲಾ ಬಾಲು, ಕನಕಪುರದ ನಿಖಾತ್ ಅನ್ನೋಳ್ತಾವ ದಿನಾ ಅದೇನ್ಲಾ ಮಾತಾಡ್ತೀಯ?" ಅಂದ. ನಾನು ಪರಮ ವಿನಯದಿಂದ, "ಅವ್ರು ವಕೀಲ್ರು ಚಿಕ್ಕಪ್ಪ. ಅವ್ರ ಹೆಸ್ರು ನಾನ್ ಯಾರ್ಗೂ ಹೇಳಿಲ್ವಲ್ಲ, ನಿಮ್ಗೆಂಗೆ ಗೊತ್ತಾಯ್ತು?" ಅಂದೆ.

ಮುದ್ದೆ ಗಂಟಲಲ್ಲೇ ನಿಂತಿತು. ನಾನು ಎದ್ದು ನಿಂತು, ರಾಜಾಜ್ಞೆ ಸಾರುವ ಗತ್ತಿನಲ್ಲಿ ಫೋನ್ ನೋಡಿ ಕಾಯ್ದೆ ಓದಿದೆ: ನ್ಯಾಯಾಧೀಶರ ಆದೇಶವಿಲ್ಲದೆ ಸರ್ಕಾರದ ಯಾರೂ ಪ್ರಜೆಗಳ ಫೋನ್, ಆ್ಯಪ್ ದಾಖಲೆ ಮುಟ್ಟಕೂಡದು, ಮುಟ್ಟಿದವನಿಗೆ ಜೈಲು, ಪಿಂಚಣಿಯೂ ಖೋತಾ. ಪಿಂಚಣಿ ಅನ್ನುವಲ್ಲಿ ರಾಗ ಎಳೆದೆ. ಚಿಕ್ಕಪ್ಪ ಎಂಜಲು ಕೈಯಲ್ಲೇ ನನ್ನ ಕೈ ಹಿಡಿದುಕೊಂಡ. ತಾತನ ಮುಂದೆ ನಿಜ ಹೇಳಿದರೆ ನೋಡೋಣ ಅಂದೆ. ಹೇಳಿದ. ತಾನು ತಂದ ಗಂಡನ್ನು ನೀನು ಒಲ್ಲೆ ಅಂದ ಸಿಟ್ಟಿಗೇ ನಿನ್ನ ದಾಖಲೆ ತೆಗೆಸಿದ್ದಂತೆ. ತಾತ ಚಿಕ್ಕಪ್ಪನ ಕಡೆ ತಿರುಗಿ, "ಸಂತೇಲಿ ಕುರಿ ಬೆಲೆನೇ ಯಾರ್ಗೂ ಕಾಣ್ದಂಗೆ ಟವಲ್ ಕೆಳ್ಗೆ ಬೆರಳು ಹಿಡ್ದು ಕೇಳ್ತೀವಿ. ಮಗೀನ ಮಾತ್ನ ಬೀದೀಗಿಟ್ಬುಟ್ಯಲ್ಲೋ. ನಾನೂ ಕೇಳ್ಕಂಡ್ ಕೂತಿದ್ದೆ" ಅಂದ.

ಭಾನುವಾರ ತಾತ ನಿಮ್ಮಿಬ್ಬರನ್ನೂ ಕರೆದುಕೊಂಡು ಹೋಗಲು ಮಾಗಡಿಗೆ ಬರುತ್ತಾನೆ. ಚೀಲ ಹೊರಲು ಚಿಕ್ಕಪ್ಪ. ತಾತನನ್ನು ಒಳಗೆ ಕರೆದು ಕಾಫಿ ಕೊಡು. ಇನ್ನೊಬ್ಬನನ್ನು ಒಂದಷ್ಟು ಹೊತ್ತು ಬಿಸಿಲಲ್ಲಿ ಒಣಗಲು ಬಿಡು. ಭಾವನಿಗೆ ನಮಸ್ಕಾರ ತಿಳಿಸು.

ನಿನ್ನ ಸೇಡಿನ ಖಾತೆಯ ಸಚಿವ,
ಬಾಲರಾಜು

ತಾ.ಕ.: ಅವಸರದಲ್ಲಿ ಒಂದು ಮಾತು. ನಾನು ಓದಿದ್ದು ಕಾಯ್ದೆಯಲ್ಲ ಕಣಕ್ಕ, ಯಾರೋ ಬರೆದಿಟ್ಟ ಮಸೂದೆ. ಇನ್ನೂ ಪಾಸಾಗಿಲ್ಲ. ಪಿಂಚಣಿ ನಾನೇ ಸೇರಿಸಿದ್ದು. ಚಿಕ್ಕಪ್ಪ ಯಾರನ್ನಾದರೂ ವಿಚಾರಿಸುವ ಮುಂಚೆ ಮನೆಗೆ ಬಂದ್ಬುಡು. ಫೋನ್ ಮಾತ್ರ ಮಾಡಬೇಡ, ಚಿಕ್ಕಪ್ಪ ಮತ್ತೆ ದಾಖಲೆ ತೆಗೆಸಿಯಾನು. ನಾನು ಕಾಗದ ಬರೆದದ್ದೂ ಆ ಭಯಕ್ಕೇ.