ಬಾಗಿಲು ಮುಚ್ಚಿದ್ದ ಹನ್ನೊಂದು ದಿನ

ಕ್ರಿಸ್ತಶಕ ೨೨೦೩, ಒಳಗಾಲದ ನೂರಾ ಹನ್ನೊಂದನೇ ದಿನ
ತಣ್ಣೆರಳು, ಮಾಂಜ್ರಾ ನದಿ ಹರಿಯುತ್ತಿದ್ದ ಪಾತ್ರದ ದಕ್ಷಿಣಕ್ಕೆ

ನನಗಿಂತ ನೂರೆಂಬತ್ತು ವರ್ಷ ಹಿಂದೆ ಬದುಕಿರುವ ಹಿರಿಯರಿಗೂ ಮಕ್ಕಳಿಗೂ ಮಹಾನಂದಾಳ ಶರಣು.

ಮೇಲಿನ ತಾರೀಖು ತಪ್ಪೆಂದು ಕಂಡರೆ ಮನ್ನಿಸಿ. ನನ್ನ ಕೆಲವು ಮಾತುಗಳೂ ನಿಮಗೆ ಹಾಗೆಯೇ ಕಾಣಬಹುದು. ನಿಮಗೆ ಮಳೆಗಾಲ, ಚಳಿಗಾಲ, ಬೇಸಿಗೆ ಎಂದು ಮೂರು ಕಾಲಗಳಿವೆಯಂತೆ. ನಮಗಿರುವುದು ಎರಡು. ವರ್ಷದಲ್ಲಿ ಮುನ್ನೂರು ದಿನ ಒಳಗಾಲ. ಆಗ ಹೊತ್ತೇರಿದ ಮೇಲೆ ಹೊರಗೆ ನಿಂತವರು ಉಳಿಯುವುದು ಕಷ್ಟ. ಮಿಕ್ಕಿದ್ದು ಹೊರಗಾಲ. ತಣ್ಣೆರಳು ಎಂದರೆ ನಾವಿರುವ ಕಟ್ಟಡ. ಎರಡು ಸಾವಿರದ ಮುನ್ನೂರು ಜನಕ್ಕೆ ಒಂದೇ ಸೂರು, ಕೆಂಪು ಕಲ್ಲಿನ ದಪ್ಪ ಗೋಡೆ, ಕಿಟಕಿಗಳಿಲ್ಲ. ಜೋಳವನ್ನೂ ದೀಪದ ಬೆಳಕಿನಲ್ಲೇ ಬೆಳೆಯುತ್ತಿದ್ದೆವು. ನಾನು ಚಿಕ್ಕವಳಿದ್ದಾಗ ಹೊರಗಾಲದಲ್ಲೂ ಮಕ್ಕಳನ್ನು ಆಚೆ ಬಿಡುತ್ತಿರಲಿಲ್ಲ. ಗಾಳಿ ಎಲ್ಲಿಂದ ಬರುತ್ತದೆ ಎಂದು ಮೇಷ್ಟ್ರು ಕೇಳಿದರೆ ನಾವೆಲ್ಲ ಚಾವಣಿಯ ಜಾಲರಿಯ ಕಡೆ ಕೈ ತೋರಿಸುತ್ತಿದ್ದೆವು. ಅವರು ಅದು ಸರಿ ಎನ್ನುತ್ತಿದ್ದರು.

ನನ್ನ ಅಪ್ಪ ಪಂಡರಿನಾಥ ಆಗ ತಣ್ಣೆರಳಿನ ಮುಖ್ಯಸ್ಥನಾಗಿದ್ದ. ಕೆಟ್ಟ ಮನುಷ್ಯನಲ್ಲ. ಅವನ ತಮ್ಮ ಹೊರಗೆ ಹೋದವನು ತಿರುಗಿ ಬಂದಿರಲಿಲ್ಲ. ಆಮೇಲೆ ಅಪ್ಪ ಬಾಗಿಲುಗಳನ್ನು ಒಂದೊಂದಾಗಿ ಮುಚ್ಚಿಸುತ್ತ ಬಂದ. ಉಳಿದಿದ್ದು ಬಟ್ಟೆ ಒಗೆಯುವ ಮನೆಯ ಹಿಂಬಾಗಿಲು ಮಾತ್ರ.

ಒಗೆಯುವ ಮನೆಯಲ್ಲಿ ಕೆಲಸ ಮಾಡುತ್ತಿದ್ದವಳು ಎಸ್ತೇರ, ನನ್ನ ವಯಸ್ಸಿನವಳು. ನಮಗಾಗ ಹದಿನಾರು. ಅವಳು ದಿನಾ ಬೆಳಕು ಹರಿಯುವ ಮುಂಚೆ ಆ ಬಾಗಿಲಿನಿಂದ ಆಚೆ ಹೋಗಿ ಒಂದು ತಾಸು ಅಡ್ಡಾಡಿ ಬರುತ್ತಾಳೆಂದು ಗೊತ್ತಿದ್ದದ್ದು ದಸ್ತಗೀರ ಕಾಕಾಗೆ ಮಾತ್ರ. ಎಂಬತ್ತು ದಾಟಿದ ಕಾಕಾನ ಕಾಲುಗಳು ಸ್ವಾಧೀನ ತಪ್ಪಿದ್ದವು. ಅವನ ಹಿರಿಯರು ಸುರಂಗ ಬಾವಿಯ ಹೂಳು ತೆಗೆಯುವವರಾಗಿದ್ದರು. ಸುರಂಗ ಬಾವಿ ನಿಮ್ಮ ಕಾಲಕ್ಕೂ ಹಳೆಯದು: ನೆಲದ ಅಡಿಯಲ್ಲಿ ನೀರು ಹರಿಯುವ ಕಾಲುವೆ, ಅದಕ್ಕೆ ಅಲ್ಲಲ್ಲಿ ಮೇಲಿನಿಂದ ಇಳಿಯುವ ಬಾಯಿಗಳು. ಬಾಯಿಗಳ ಮೇಲೆ ಚಪ್ಪಡಿ ಎಳೆದು, ಮಣ್ಣು ಬಿದ್ದು, ಎಲ್ಲಿವೆಯೆಂದು ಯಾರಿಗೂ ತಿಳಿಯದಾಗಿತ್ತು. ಕಾಕಾ ಅವಳಿಗೆ ಹೇಳಿದ್ದನಂತೆ, "ಎಲ್ಲಾ ಒಣಗಿದ ಮ್ಯಾಲೂ ಒಂದು ಸಾಲಿನ್ಯಾಗ ಸೀತಾಫಲದ ಗಿಡ ಹಸರಾಗೇ ಇರ್ತಾವ. ಅದನ್ನ ಹುಡುಕವ್ವ. ಸುರಂಗ ಅದರ ಕೆಳಗೇ ಅದ."

ಅವಳು ಏಳು ತಿಂಗಳು ಹುಡುಕಿದಳು. ಸಿಕ್ಕಾಗ ಇನ್ನೊಬ್ಬರಿಗೆ ತೋರಿಸಬೇಕೆನಿಸಿ ನನ್ನನ್ನು ಕರೆದಳು.

ಮೊದಲ ಸಲ ಹೊರಗೆ ಕಾಲಿಟ್ಟವಳ ಪಾಡು ನಿಮಗೆ ನಗು ತರಿಸಬಹುದು. ಸಪಾಟು ನೆಲ ಬಿಟ್ಟು ಬೇರೆ ಗೊತ್ತಿಲ್ಲದ ಪಾದಗಳು ಹೆಜ್ಜೆಗೊಮ್ಮೆ ಮಗುಚಿದವು. ಕಣ್ಣಿಗೆ ಅಡ್ಡವಾಗಿ ಗೋಡೆಯೇ ಇಲ್ಲದ್ದರಿಂದ ಎರಡೂ ಕೈಯಿಂದ ನೆಲ ಹಿಡಿದು ಕೂತೆ. ದೂರದ ಬಂಡೆ ಕೈಗೆ ಸಿಗುವಷ್ಟು ಹತ್ತಿರವೆಂದು ತಿಳಿದು ಕೈ ಚಾಚಿದೆ. ಎಸ್ತೇರ ನಗಲಿಲ್ಲ. "ನಂಗೂ ಹಂಗೇ ಆಗಿತ್ತು. ಕೆಳಗ ನೋಡ್ಕೋತ ನಡಿ," ಎಂದು ಸೊಂಟ ಹಿಡಿದು ನಡೆಸಿದಳು. ಸೀತಾಫಲದ ಸಾಲಿನಲ್ಲಿ ಒಂದು ಚಪ್ಪಡಿಯ ಬಿರುಕಿಗೆ ಮುಖವಿಟ್ಟಾಗ ತಣ್ಣನೆಯ ಗಾಳಿ ಬಂತು, ಹಸಿ ಮಣ್ಣಿನ ವಾಸನೆ ಬಂತು. ಕಲ್ಲು ಹಾಕಿದರೆ ಕೆಸರಿಗೆ ಬಿದ್ದ ಸದ್ದು.

ತಿರುಗಿ ಬರುವಾಗ ಅವಳು ಪಂಪುಮನೆಯ ಹತ್ತಿರ ನಿಂತಳು. ತಣ್ಣೆರಳಿಗೆ ನೀರು ಕೊಡುತ್ತಿದ್ದ ಕೊಳವೆಬಾವಿಗಳು ಅಲ್ಲಿದ್ದವು. "ಕೇಳು, ಪಂಪು ಗಾಳಿ ಎಳೀಲಕತ್ತದ. ನಿಮ್ಮಪ್ಪಗ ಹೇಳು. ನಾ ಹೇಳಿದ್ರ ಕೇಳಂಗಿಲ್ಲ, ಮಗಳ ಮಾತು ಕೇಳ್ತಾರ."

ಅದೇ ದಿನ ಅಪ್ಪನಿಗೆ ಪಂಪಿನ ಮಾತೂ ಸುರಂಗದ ಮಾತೂ ಹೇಳಿದೆ. ಅಪ್ಪ ನನ್ನ ಮುಖ ನೋಡಲಿಲ್ಲ, ನೀರಿನ ಮಟ್ಟ ತೋರಿಸುವ ಗೋಡೆಯ ಪರದೆ ನೋಡಿದ. "ಎಂಬತ್ತು ಅಡಿ ನೀರದ ಅಂತ ಇಲ್ಲಿ ತೋರಸ್ಲಕತ್ತದ," ಎಂದ. ಪಂಪುಮನೆಯಿಂದ ಬರುವ ತಂತಿ ತುಂಡಾಗಿ ಎರಡು ವರ್ಷವಾಗಿತ್ತೆಂದೂ, ಪರದೆಯ ಮೇಲೆ ಕೊನೆಯ ಅಂಕಿಯೇ ಉಳಿದುಕೊಂಡಿತ್ತೆಂದೂ ಆಮೇಲೆ ತಿಳಿಯಿತು. ಹೋಗಿ ನೋಡಿದವರೇ ಇರಲಿಲ್ಲ. ಅಪ್ಪನಿಗೆ ಆಗ ಬೇಕಾಗಿದ್ದದ್ದು ಬೇರೆ. "ನಿನ್ನ ಹೊರಗ ಕರಕೊಂಡು ಹೋದವರು ಯಾರು? ಖರೇ ಹೇಳು."

ನಾನು ಹೆಸರು ಹೇಳಿದೆ. ಯಾರೂ ಹೊಡೆಯಲಿಲ್ಲ, ಹೆದರಿಸಲೂ ಇಲ್ಲ. ಕೇಳಿದ ತಕ್ಷಣ ಹೇಳಿಬಿಟ್ಟೆ.

ಎಸ್ತೇರಳನ್ನು ಮೂರನೇ ಮಹಡಿಯ ಹೊಲಿಗೆಯ ಕೋಣೆಯ ಕೆಲಸಕ್ಕೆ ಹಾಕಿದರು. ಹಿಂಬಾಗಿಲಿಗೆ ಕಬ್ಬಿಣದ ಪಟ್ಟಿ ಬೆಸೆದರು. ನಾನು ಹೊಲಿಗೆಯ ಕೋಣೆಯ ಕಡೆ ಹೋಗುವುದನ್ನು ಬಿಟ್ಟೆ. ಹನ್ನೊಂದನೇ ದಿನ ನಲ್ಲಿಗಳಲ್ಲಿ ಮೊದಲು ಕೆಂಪು ನೀರು, ಆಮೇಲೆ ಗಾಳಿ ಬಂತು.

ಮೇಲಿನ ತೊಟ್ಟಿಯಲ್ಲಿ ನಾಲ್ಕು ದಿನದ ನೀರಿತ್ತು. ಅಪ್ಪ ತಾನೇ ಹೊಲಿಗೆಯ ಕೋಣೆಗೆ ಹೋದ. ನಾನು ಅವನ ಹಿಂದೆ ನಿಂತಿದ್ದೆ. ತಣ್ಣೆರಳಿನಲ್ಲಿ ಯಾರ ಮುಂದೆಯೂ ತಲೆ ಬಾಗಿಸದ ಮನುಷ್ಯ ಅವಳೆದುರು ನೆಲದ ಮೇಲೆ ಕೂತ. "ನೀ ಹೇಳವ್ವ, ಹ್ಯಾಂಗ ಮಾಡಬೇಕು?"

"ನನ್ನ ವಾರಿಗಿ ಹುಡುಗ ಹುಡುಗಿಯರನ್ನ ಕೊಡ್ರಿ," ಎಂದಳು ಎಸ್ತೇರ. "ದೊಡ್ಡವರಿಗೆ ಬಿಸಲು ತಡಕೊಳ್ಳಲಕ ಆಗಂಗಿಲ್ಲ. ನಸುಕಿನ್ಯಾಗ ಹೋಗಿ ಸುರಂಗದಾಗ ಇಳದ್ರ ದಿನಾಪೂರ್ತಿ ತಂಪಾಗಿ ಕೆಲಸ ಮಾಡಬೋದು. ಹೊತ್ತು ಮುಳುಗೋತನಕ ಮ್ಯಾಲೆ ಬರೋದು ಬ್ಯಾಡ."

ಹಿಂಬಾಗಿಲಿನ ಪಟ್ಟಿ ಕೀಳಿಸಿ ನಾವು ಹದಿನೇಳು ಜನ ಹೋದೆವು. ಏಳನೇ ಬಾಯಿಯ ಆಚೆ ಸುರಂಗ ಕುಸಿದಿತ್ತು. ನೀರು ಅದರ ಹಿಂದೆ ನಿಂತಿತ್ತು. ಕಾಕಾ ಮಲಗಿದಲ್ಲಿಂದಲೇ ಹೇಳಿಕಳಿಸುತ್ತಿದ್ದ: ಮೇಲಿನಿಂದ ಕೆಳಕ್ಕೆ ಅಗೆಯಿರಿ, ಗೋಡೆಗೆ ಕೈ ಹಚ್ಚಬೇಡಿ, ಮಣ್ಣು ಬುಟ್ಟಿಯಲ್ಲಿ ದಾಟಿಸಿರಿ. ಹಾಗೆಯೇ ಮಾಡಿದೆವು. ಮೂರನೇ ದಿನ ಅಪ್ಪನೂ ಇಳಿದು ಬಂದು ಎಸ್ತೇರ ಹೇಳಿದ ಜಾಗದಲ್ಲಿ ನಿಂತು ಬುಟ್ಟಿ ದಾಟಿಸಿದ. ಅವಳು ಅವನಿಗಾಗಲಿ ನನಗಾಗಲಿ ಒಂದು ಒರಟು ಮಾತೂ ಆಡಲಿಲ್ಲ. ಒಮ್ಮೆ ನಾನು ಕ್ಷಮೆ ಕೇಳಲು ಬಾಯಿ ತೆರೆದಾಗ, "ಈಗ ಬುಟ್ಟಿ ಹಿಡಿ ಮಹಾನಂದಾ," ಎಂದಳು.

ನೀರು ಹರಿಯಲು ಒಂಬತ್ತು ದಿನ ಹಿಡಿಯಿತು. ತೊಟ್ಟಿಯ ನೀರನ್ನು ಬಟ್ಟಲಿನಲ್ಲಿ ಅಳೆದು ಕೊಟ್ಟರೂ ಆರನೇ ದಿನಕ್ಕೆ ಮುಗಿದಿತ್ತು. ಸುರಂಗದ ನೀರು ಬರುವಷ್ಟರಲ್ಲಿ ನೂರಾ ಅರವತ್ತಮೂರು ಜನ ತೀರಿಹೋಗಿದ್ದರು. ಹೆಚ್ಚಿನವರು ಕೂಸುಗಳು, ಮುದುಕರು. ದಸ್ತಗೀರ ಕಾಕಾ ತನ್ನ ಬಟ್ಟಲನ್ನು ಪಕ್ಕದ ಮನೆಯ ಬಾಣಂತಿಗೆ ಕೊಡುತ್ತಿದ್ದನಂತೆ. ಐದನೇ ದಿನ ಅವನು ತೀರಿಕೊಂಡ ಸುದ್ದಿ ಸುರಂಗಕ್ಕೆ ಬಂತು. ಎಸ್ತೇರ ಗುದ್ದಲಿ ಕೆಳಗಿಟ್ಟು ಗೋಡೆಗೆ ಹಣೆ ಆನಿಸಿದಳು, ಮತ್ತೆ ಎತ್ತಿಕೊಂಡಳು. ನಾನು ಹೇಳಿದ ದಿನವೇ ಅಗೆಯಲು ಹೋಗಿದ್ದರೆ ನಲ್ಲಿ ನಿಲ್ಲುವ ಎರಡು ದಿನ ಮುಂಚೆಯೇ ನೀರು ಬಂದಿರುತ್ತಿತ್ತು. ಈ ಲೆಕ್ಕವನ್ನು ಅಪ್ಪ ಸಾಯುವತನಕ ಮಾಡಿದ. ಅವನ ನಂತರ ನಾನು ಮಾಡುತ್ತಿದ್ದೇನೆ.

ಆ ವರ್ಷದಿಂದ ಎಸ್ತೇರ ಹೊರಪಾಳಿ ಶುರು ಮಾಡಿದಳು. ಹತ್ತು ವರ್ಷ ತುಂಬಿದ ಪ್ರತಿ ಮಗುವೂ ನಸುಕಿನಲ್ಲಿ ಒಂದು ತಾಸು ಹೊರಗೆ ತಿರುಗಬೇಕು. ಬಂದು ತಾನು ಕಂಡದ್ದನ್ನು ದೊಡ್ಡವರಿಗೆ ಹೇಳಬೇಕು. ಇರುವೆ ಗೂಡು ಬದಲಿಸಿದ್ದು, ಬೇವು ಈ ಸಲ ಬೇಗ ಹೂಬಿಟ್ಟದ್ದು, ಏನಾದರೂ ಸರಿ. ಹೊರಪಾಳಿಯ ಮಕ್ಕಳು ಇನ್ನೂ ಎರಡು ಹಳೆಯ ಸುರಂಗ ಹುಡುಕಿದರು, ಬೇರೆ ಕಟ್ಟಡಗಳಿಗೂ ಹೋಗಿ ಕಲಿಸಿದರು. ಆ ಒಂಬತ್ತು ದಿನ ತಾನು ಗುಟುಕಷ್ಟೇ ಕುಡಿದು ಬೇರೆಯವರಿಗೆ ಕುಡಿಸಿದ್ದರಿಂದ ಅವಳ ಮೂತ್ರಪಿಂಡಗಳು ಕೆಟ್ಟಿದ್ದವು. ಮೂವತ್ತನಾಲ್ಕನೇ ವಯಸ್ಸಿಗೇ ತೀರಿಹೋದಳು. ಕ್ಷಮೆಯ ಮಾತು ನಮ್ಮಿಬ್ಬರ ನಡುವೆ ಆಮೇಲೂ ಬರಲಿಲ್ಲ. ಬದಲಿಗೆ ಹೊರಪಾಳಿಯನ್ನು ನನ್ನ ಕೈಗೆ ಕೊಟ್ಟು ಹೋದಳು.

ಈಗ ನನಗೆ ಅರವತ್ತೆಂಟು. ನಮ್ಮ ಸುರಂಗದಲ್ಲಿ ಮೊಣಕಾಲಿನವರೆಗೆ ಹರಿಯುತ್ತಿದ್ದ ನೀರು ಈ ವರ್ಷ ಪಾದದ ಹರಡಿನವರೆಗೆ ಇಳಿದಿದೆ. ಇದನ್ನು ಮೊದಲು ಕಂಡವಳು ಹನ್ನೊಂದು ವರ್ಷದ ಹುಡುಗಿ. ಅವಳು ಬಂದು ಹೇಳಿದ ದಿನವೇ ತಣ್ಣೆರಳಿನ ಹಿರಿಯರ ಇಡೀ ಸಭೆ ಎದ್ದು ಹೋಗಿ ನೋಡಿ ಬಂತು. ಮುಂದೇನು ಮಾಡುವುದೆಂದು ನಮಗಿನ್ನೂ ತಿಳಿದಿಲ್ಲ. ಪ್ರಾಯಶಃ ತಡವಾಗಿದೆ.

ನಿಮ್ಮಲ್ಲಿ ಇನ್ನೂ ತಡವಾಗಿಲ್ಲ. ಬೆಳಿಗ್ಗೆ ಹತ್ತು ಗಂಟೆಗೆ ಬರಿತಲೆಯಲ್ಲಿ ನಡೆಯಬಹುದಾದ ನೆಲ ನಿಮ್ಮದು. ಮಕ್ಕಳೇ, ಹೊರಗೆ ಹೋಗಿ. ನಿಮ್ಮೂರಿನ ನೀರು ಎಲ್ಲಿಂದ ಬರುತ್ತದೆಂದು ಕಾಲಲ್ಲಿ ನಡೆದು ಕಂಡುಕೊಳ್ಳಿ. ಕಂಡದ್ದನ್ನು ಒಬ್ಬರೇ ಇಟ್ಟುಕೊಳ್ಳಬೇಡಿ, ಹತ್ತು ಜನರನ್ನು ಕರೆದುಕೊಂಡು ಹೋಗಿ ತೋರಿಸಿ. ಹಿರಿಯರೇ, ನಿಮ್ಮಲ್ಲಿ ಕೇಳುವುದು ಒಂದೇ. ಧೂಳು ಕಾಲಿನ ಮಗಳೊಬ್ಬಳು ಒಳಗೆ ಬಂದು ಏನೋ ಕಂಡೆನೆಂದು ಹೇಳಿದರೆ, ಯಾರ ಜೊತೆ ಹೋಗಿದ್ದೆ ಎಂದು ಕೇಳಬೇಡಿ. ಕೂತಲ್ಲಿಂದ ಎದ್ದು, ಅವಳ ಹಿಂದೆ ಹೋಗಿ ನೋಡಿ.

ಇಂತಿ,
ಮಹಾನಂದಾ