ಮೂರನೇ ಗಂಟು

ನೆಲಗಟ್ಟಿನ ಇನ್ನೂರ ಹದಿಮೂರನೇ ವರ್ಷ, ಎರಡನೇ ಬೇಸಿಗೆಯ ಮೂವತ್ತೆಂಟನೇ ತಾರೀಖು.

ಗದಗಿನ ಅಸುಂಡಿ ವಿಡಿಯೋಸ್ ಅಂಗಡಿಯ ಗುರುಪಾದ ಅಸುಂಡಿಗೆ, ಹಾರುಮನೆಯ ಕತ್ತರಿಯಾಕೆ ಫಕೀರವ್ವ ಬರೆಯುವುದು.

ಈ ತಾರೀಖನ್ನು ನಿನ್ನ ಕ್ಯಾಲೆಂಡರಿನಲ್ಲಿ ಹುಡುಕಬೇಡ, ಸಿಗುವುದಿಲ್ಲ. ನಮಗೆ ವರ್ಷಕ್ಕೆ ಎರಡು ಬೇಸಿಗೆ, ತಿಂಗಳಿಗೆ ನಲವತ್ತು ದಿನ. ನನ್ನ ಕೆಲವು ಮಾತುಗಳು ನಿನ್ನ ಕಿವಿಗೆ ವಿಚಿತ್ರವಾಗಿ ಕೇಳಿಸಿದರೆ ಕ್ಷಮೆ ಇರಲಿ. ಕ್ಷಮೆ ಕೇಳುತ್ತಿರುವುದು ಮಾತಿಗಷ್ಟೇ, ಮಾತಿನೊಳಗಿನ ಸಿಟ್ಟಿಗಲ್ಲ. ನೆಲಗಟ್ಟು ಎಂದರೆ ಜಗತ್ತಿನ ಕೊನೆಯ ವಿಮಾನ ಇಳಿದು ಮತ್ತೆ ಏಳದೇ ಹೋದ ವರ್ಷ. ನಮ್ಮ ಕಾಲದ ಲೆಕ್ಕ ಅಲ್ಲಿಂದ ಶುರು. ಈ ಪತ್ರ ಬರುತ್ತಿರುವುದು ಹಿನ್ನಂಚೆಯಲ್ಲಿ. ಹಿನ್ನಂಚೆ ಕಾಗದವನ್ನು ಒಯ್ಯುವುದಿಲ್ಲ. ಹಳೆಯ ಕಾಲದ ಯಂತ್ರವೊಂದರೊಳಗೆ ಅಕ್ಷರಗಳನ್ನು ಬಿಟ್ಟು ಬರುತ್ತದೆ. ನಿನ್ನ ಕಂಪ್ಯೂಟರಿನಲ್ಲಿ, ಇನ್ನೂ ಕತ್ತರಿಸದ ರೆಕಾರ್ಡಿಂಗುಗಳ ನಡುವೆ, ನೀನು ಇಟ್ಟಿರದ ಒಂದು ಫೈಲು ಕಂಡರೆ ಅದು ಇದೇ. ನಿನ್ನನ್ನು ಏಕವಚನದಲ್ಲಿ ಕರೆಯುತ್ತೇನೆ. ಲೆಕ್ಕಕ್ಕೆ ನೀನು ನನ್ನ ಮುತ್ತಜ್ಜನಿಗೂ ಹಿರಿಯ. ಆದರೆ ಒಂದು ಮದುವೆಯ ಚಿತ್ರದಲ್ಲಿ, ಕನ್ನಡಿಯೊಳಗೆ ಕ್ಯಾಮೆರಾ ಹಿಡಿದು ನಿಂತ ನಿನ್ನನ್ನು ನೋಡಿದ್ದೇನೆ. ನನ್ನ ಮಗಳ ವಯಸ್ಸು ನಿನಗೆ.

ನಿನ್ನ ಕಸುಬು ನನಗೆ ಚೆನ್ನಾಗಿ ಗೊತ್ತು, ಯಾಕೆಂದರೆ ನನ್ನದೂ ಅದೇ. ನೀನು ಮದುವೆಗಳ ವಿಡಿಯೋ ತೆಗೆದು, ಕತ್ತರಿಸಿ, ಹಾಡು ಕೂಡಿಸಿ ಕೊಡುವವನು. ಮದುವೆ ಇಲ್ಲದ ತಿಂಗಳುಗಳಲ್ಲಿ ಕಂಪ್ಯೂಟರಿನ ಮುಂದೆ ಕೂತು ವಿಮಾನದ ಆಟ ಆಡುತ್ತಿದ್ದೆ. ಆಡಿದ್ದನ್ನು ರೆಕಾರ್ಡು ಮಾಡಿ, ಮದುವೆಯನ್ನು ಕತ್ತರಿಸಿದ ಹಾಗೆಯೇ ಅದನ್ನೂ ಕತ್ತರಿಸಿ ಸಿನಿಮಾ ಮಾಡುತ್ತಿದ್ದೆ. ಮಾಡಿಕೊಂಡು ಸುಮ್ಮನಿದ್ದಿದ್ದರೆ ಆಗಿತ್ತು. ಆದರೆ ನಿನ್ನ ಡಿಸ್ಕನ್ನು ಯಾರೋ ಕಬ್ಬಿಣದ ತಿಜೋರಿಯಲ್ಲಿಟ್ಟರು. ನಿಮ್ಮ ದೊಡ್ಡ ದೊಡ್ಡ ವಿದ್ಯಾಲಯಗಳ ಪುಸ್ತಕಗಳನ್ನು ಗೆದ್ದಲು ತಿಂದವು, ಯಂತ್ರಗಳು ತುಕ್ಕು ಹಿಡಿದವು. ನಿನ್ನ ತಿಜೋರಿ ಮಾತ್ರ ಬಾವಿ ತೋಡುವಾಗ ಸಿಕ್ಕಿತು. ವಿಮಾನ ಹೇಗೆ ಏರುತ್ತದೆ, ಹೇಗೆ ಇಳಿಯುತ್ತದೆ ಎನ್ನುವುದಕ್ಕೆ ಈ ಇಡೀ ಸೀಮೆಯಲ್ಲಿ ಉಳಿದ ಸಾಕ್ಷಿ ನೀನೊಬ್ಬನೇ. ನಮ್ಮ ಹಣೆಬರಹ ನೋಡು.

ನಮ್ಮದು ಕರಿಮಣ್ಣಿನ ಬಯಲು. ಬಿಸಿಲಿಗೆ ಹೆದರಿ ಹಗಲೆಲ್ಲ ಹಗೇವುಗಳಲ್ಲಿ ಇರುತ್ತೇವೆ. ನಿಮ್ಮ ಹಿರಿಯರು ಜೋಳ ತುಂಬಿಡುತ್ತಿದ್ದ ನೆಲದೊಳಗಿನ ಗುಂಡಿಗಳನ್ನೇ ಅಗಲಿಸಿ ಮನೆ ಮಾಡಿಕೊಂಡಿದ್ದೇವೆ. ಹೊತ್ತು ಇಳಿದ ಮೇಲೆ ಹೊರಬಂದು ಬೀಸುತ್ತೇವೆ, ನೇಯುತ್ತೇವೆ, ಹೊಂಗೆ ಎಣ್ಣೆ ತೆಗೆಯುತ್ತೇವೆ. ಹಾರುಮನೆ ಎಂದರೆ ವಿಮಾನ ಕಟ್ಟುವ ಮಂದಿಯ ಮನೆ. ವಾರಕ್ಕೊಮ್ಮೆ ಅದರ ಅಂಗಳದ ಬಿಳಿಗೋಡೆಯ ಮೇಲೆ ನಿನ್ನ ಚಿತ್ರಗಳನ್ನು ತೋರಿಸುತ್ತಾರೆ. ಬುತ್ತಿ ಕಟ್ಟಿಕೊಂಡು ಬಂದ ಜನ ಮೊದಲಿಗೆ ಮಲ್ಲಿಗೆ ಹೂವುಗಳ ನಡುವೆ ‘ಅಸುಂಡಿ ವಿಡಿಯೋಸ್, ಗದಗ’ ಎಂದು ಬರುವಾಗ ಎದ್ದು ನಿಂತು ಕೈ ಮುಗಿಯುತ್ತಾರೆ. ನೀನು ನಗಬಹುದು. ನಾನೂ ನಗುತ್ತಿದ್ದೆ.

ಒಂದೇ ಡಿಸ್ಕು, ಒಂದೇ ಕೈ, ಅದೇ ಹಾಡುಗಳು. ಹಾಗಾಗಿ ನಮ್ಮ ಪಂಡಿತರು ಮದುವೆ ಮತ್ತು ಹಾರಾಟ ಒಂದೇ ಕಾರ್ಯದ ಎರಡು ಭಾಗ ಎಂದು ತೀರ್ಮಾನಿಸಿದರು. ಏರುವವರಿಗೆ ಅರಿಶಿಣ ಹಚ್ಚಬೇಕು, ಹಣೆಗೆ ಬಾಸಿಂಗ ಕಟ್ಟಬೇಕು, ಯಂತ್ರದ ಮೇಲೆ ಅಕ್ಕಿಕಾಳು ಹಾಕಬೇಕು. ಇಷ್ಟಕ್ಕೆ ನಿಂತಿದ್ದರೆ ಯಾರಿಗೂ ನಷ್ಟವಿರಲಿಲ್ಲ. ಆದರೆ ನಿನಗೊಂದು ಚಟವಿತ್ತು. ತಾಳಿ ಕಟ್ಟುವ ಗಳಿಗೆಯನ್ನು ನೀನು ಮೂರು ಸಲ ತೋರಿಸುತ್ತಿದ್ದೆ. ಎದುರಿನಿಂದ ಒಮ್ಮೆ, ಬಗಲಿನಿಂದ ಒಮ್ಮೆ, ಮೇಲಿನಿಂದ ಒಮ್ಮೆ, ನಿಧಾನಗತಿಯಲ್ಲಿ, ಗಟ್ಟಿಮೇಳ ಹಾಕಿ. ವಿಮಾನದ ಗಾಲಿ ನೆಲಕ್ಕೆ ತಾಗುವ ಗಳಿಗೆಯನ್ನೂ ಹಾಗೆಯೇ ಮೂರು ಸಲ ತೋರಿಸಿದೆ. ತಾಳಿಗೆ ಮೂರು ಗಂಟು ಇರುವುದು ನಮಗೂ ಗೊತ್ತು. ಹಾಗಾದರೆ ಇಳಿಯುವುದಕ್ಕೂ ಮೂರು ಗಂಟು ಇರಬೇಕು ಎಂದುಕೊಂಡರು. ವಿಮಾನ ನೆಲವನ್ನು ಮುಟ್ಟಿ ಏಳಬೇಕು, ಮತ್ತೆ ಮುಟ್ಟಿ ಏಳಬೇಕು, ಮೂರನೇ ಸಲ ಮುಟ್ಟಿ ನಿಲ್ಲಬೇಕು. ಕಲಿಯುವವರನ್ನು ಬೇವಿನ ಮರಕ್ಕೆ ಹಗ್ಗ ಕಟ್ಟಿದ ಮಂಚದ ಮೇಲೆ ಕೂರಿಸಿ, ಎತ್ತಿ ಎತ್ತಿ ಮೂರು ಸಲ ಇಳಿಸಿ, ಇದನ್ನೇ ಕಲಿಸಿದರು.

ಡಿಸ್ಕಿನ ಚಿತ್ರಗಳನ್ನು ಹಸನು ಮಾಡಿ ಪ್ರತಿ ತೆಗೆಯುವುದು ನನ್ನ ಕೆಲಸ. ಗಾಲಿ ತಾಗಿದಾಗ ಏಳುವ ಹೊಗೆಯನ್ನು ನಾನು ಹತ್ತಿರದಿಂದ ನೋಡಿದವಳು. ಮೂರು ಸಲವೂ ಅದೇ ಹೊಗೆ, ಅದೇ ಬಾಲ, ಅದೇ ನೆರಳು. ಅನುಮಾನ ಬಂದು ಡಿಸ್ಕಿನ ಮೂಲೆಗಳನ್ನು ಕೆದಕಿದೆ. ನೀನು ಅಳಿಸಲು ಮರೆತ ಒಂದು ಹಸಿ ರೆಕಾರ್ಡಿಂಗು ಸಿಕ್ಕಿತು. ಅದರಲ್ಲಿ ಹಾಡಿಲ್ಲ, ಮಲ್ಲಿಗೆಯಿಲ್ಲ. ವಿಮಾನ ಇಳಿಯಲು ಬರುತ್ತದೆ, ಮೂಗಿನ ಮೇಲೆ ಬೀಳುತ್ತದೆ, ಪರದೆ ಕಪ್ಪಾಗುತ್ತದೆ, ನೀನು ನಗುತ್ತೀಯ. ಮತ್ತೆ ಬರುತ್ತದೆ, ಮತ್ತೆ ಬೀಳುತ್ತದೆ. ಒಳಮನೆಯಿಂದ ನಿನ್ನ ತಾಯಿಯ ದನಿ ಕೇಳುತ್ತದೆ: “ಗುರೂ, ಮತ್ತ ಬಿತ್ತೇನು ನಿನ್ನ ಇಮಾನ? ರೊಟ್ಟಿ ಆರಾಕತ್ತಾವು. ಉಂಡು ಆಮ್ಯಾಲೆ ಬೀಳುವಂತಿ, ಬಾ.” ಕೊನೆಗೊಮ್ಮೆ ವಿಮಾನ ಇಳಿಯುತ್ತದೆ. ಒಂದೇ ಸಲ ಮುಟ್ಟುತ್ತದೆ, ಓಡುತ್ತದೆ, ನಿಲ್ಲುತ್ತದೆ. ನಿನ್ನ ವಿದ್ಯೆಯ ಗುಟ್ಟು ಇಷ್ಟೇ ಎಂದು ಆಗ ತಿಳಿಯಿತು. ನೀನು ಬಿದ್ದದ್ದನ್ನೆಲ್ಲ ಕತ್ತರಿಸಿ, ಬೀಳದ್ದನ್ನು ಮೂರು ಪಾಲು ಮಾಡಿ ಬಡಿಸಿದೆ. ಬಿದ್ದರೆ ನಿನಗೆ ಏನೂ ಆಗುತ್ತಿರಲಿಲ್ಲ. ರೊಟ್ಟಿ ಆರುತ್ತಿತ್ತು, ಅಷ್ಟೇ.

ಅದನ್ನು ಹಾರುಮನೆಯ ಯಜಮಾನ ಶಿವಬಸಪ್ಪನ ಮುಂದೆ ಇಟ್ಟೆ. ಪೂರ್ತಿ ನೋಡಿದ. ನೋಡಿ, ಮಗುವಿಗೆ ತಿಳಿಹೇಳುವ ದನಿಯಲ್ಲಿ ಹೇಳಿದ: “ಫಕೀರವ್ವ, ಇದು ಹಸೀದು. ಹಸಿ ಹಿಟ್ಟು ತಂದು ತೋರಿಸಿ ಇದ ರೊಟ್ಟಿ ಅಂದ್ರ ಹೆಂಗವ್ವ? ಆ ಮಹಾತ್ಮ ಬ್ಯಾಡ ಅಂತ ಬಿಟ್ಟಿದ್ದನ್ನ ನಾವು ಹಿಡಕೊಂಡು ಕುಂದರೂದೇನು?” ಮಹಾತ್ಮ ಎಂದದ್ದು ನಿನ್ನನ್ನು. ಆ ರೆಕಾರ್ಡಿಂಗನ್ನು ನನ್ನ ಕೈಯಿಂದಲೇ ಅಳಿಸಿ ಹಾಕಿಸಿದ. ನಿನ್ನ ತಾಯಿಯ ದನಿ ಅಷ್ಟು ವರ್ಷ ಬಾಳಿ, ಅವತ್ತು ಸತ್ತಿತು.

ನನ್ನ ಮಗಳು ಹೊನ್ನವ್ವ. ಮೈ ಹಗುರ, ಹಟ ಭಾರ. ನೆಲಗಟ್ಟಿನ ನಂತರ ಮೊದಲು ಏರುವವಳು ಅವಳೇ ಎಂದು ಆರಿಸಿದ್ದರು. ಅದಕ್ಕೆ ಮುಂಚೆ ಯಂತ್ರವನ್ನು ಹಗ್ಗ ಕಟ್ಟಿ, ಮರಳಿನ ಚೀಲ ಕೂರಿಸಿ ಹಾರಿಸಿದ್ದರು. ಚೀಲ ಏನನ್ನೂ ಹೇಳಲಿಲ್ಲ. ಅವಳಿಗೆ ನಾನು ಎಲ್ಲ ಹೇಳಿದೆ. ಒಂದೇ ಸಲ ಮುಟ್ಟು, ಗಾಲಿ ನೆಲ ಕಚ್ಚಿದರೆ ಅಲ್ಲಿಗೇ ಬಿಡು, ಏಳಬೇಡ, ಎದ್ದ ಯಂತ್ರಕ್ಕೆ ಉಸಿರು ಇರುವುದಿಲ್ಲ ಎಂದು ಕೈ ಹಿಡಿದು ಬೇಡಿಕೊಂಡೆ. ಅವಳು ಅರಿಶಿಣದ ಕೈಯಿಂದ ನನ್ನ ಗಲ್ಲ ಸವರಿದಳು. “ಯವ್ವಾ, ಒಂದ ಗಂಟಿಗೆ ಇಳದು ಬಂದ್ರ ಮಂದಿ ನಗತಾರ. ಅರ್ಧಾ ಮದುವಿ ಮಾಡ್ಕೊಂಡು ಬಂದಾಳ ಅಂತಾರ. ನಂಗ ಬಾಯಿಪಾಠ ಆಗೇತಿ, ನೀ ಅಂಜಬ್ಯಾಡ.” ಅಂಜಿದ್ದೆ. ಈಗಲೂ ಅವಳ ಮೇಲೆ ಸಿಟ್ಟಿದೆ ನನಗೆ. ಸತ್ತವರ ಮೇಲಿನ ಸಿಟ್ಟನ್ನು ತೀರಿಸಿಕೊಳ್ಳುವ ದಾರಿ ಇಲ್ಲದ್ದರಿಂದ ಅದನ್ನೂ ನಿನ್ನ ಮೇಲೆಯೇ ಹಾಕುತ್ತೇನೆ.

ಅವಳು ಏರಿದಳು. ಬಯಲಿನ ಮೇಲೆ ಎರಡು ಸುತ್ತು ಬಂದಳು. ನಾನು ಹೆತ್ತ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ನಿಂತಿದ್ದೆ. ಇಳಿಯಲು ಬಂದಳು, ಗಾಲಿ ನೆಲ ಮುಟ್ಟಿತು. ಅಂಥ ಮೃದುವಾದ ಇಳಿತವನ್ನು ನಿನ್ನ ಯಾವ ಚಿತ್ರದಲ್ಲೂ ನಾನು ನೋಡಿಲ್ಲ. ಅಲ್ಲಿಗೆ ಮುಗಿದಿತ್ತು, ಅವಳು ಮನೆಗೆ ಬಂದಹಾಗೇ ಆಗಿತ್ತು. ಗಟ್ಟಿಮೇಳ ಬಾರಿಸಿದರು, ಜನರೆಲ್ಲ ಒಂದೇ ದನಿಯಲ್ಲಿ ‘ಒಂದು’ ಎಂದರು. ಅವಳು ಎತ್ತಿದಳು. ಎರಡನೆಯದು ಗಟ್ಟಿಯಾಗಿ ಬಿತ್ತು, ಯಂತ್ರ ಇನ್ನೂ ಎತ್ತರಕ್ಕೆ ಪುಟಿಯಿತು, ಜನ ‘ಎರಡು’ ಎಂದರು. ಮೂರನೆಯದಕ್ಕೆ ಮೂಗು ಮೊದಲು ಬಂತು. ‘ಮೂರು’ ಎಂದು ಕೂಗಲು ತೆರೆದ ಬಾಯಿಗಳು ಹಾಗೆಯೇ ಇದ್ದವು, ಕೆಲವರಂತೂ ಕೂಗಿಯೂಬಿಟ್ಟರು. ಅಕ್ಕಿಕಾಳು ಎಲ್ಲರ ಕೈಯಲ್ಲೂ ಉಳಿಯಿತು. ಬೆಂಕಿ ಆರಿದ ಮೇಲೆ ಬಾಸಿಂಗವನ್ನು ತಂದು ನನಗೆ ಕೊಟ್ಟರು. ಅದು ಸುಟ್ಟಿರಲಿಲ್ಲ.

ಶಿವಬಸಪ್ಪ ಮಾತಾಡಿಸಲು ಬಂದವನು ಕೆಲಸ ಹೇಳಿ ಹೋದ. ಅವನ ಪ್ರಕಾರ ತಪ್ಪು ವಿಧಿಯದಲ್ಲ. ತಾಯಿಯ ಅನುಮಾನದಿಂದ ಮಗಳ ಮೂರನೇ ಗಂಟು ಸಡಿಲವಾಯಿತು. ಬಯಲಿನಲ್ಲಿ ಮೂರು ಕಡೆ ಕ್ಯಾಮೆರಾ ಇದ್ದವು. ಅವನ್ನು ನನ್ನ ಮುಂದಿಟ್ಟು ಹೇಳಿದ: “ಕಂಡದ್ದು ಮಂದಿ ಮರೀತಾರ. ಚಿತ್ರದಾಗ ಇದ್ದದ್ದು ಉಳೀತೈತಿ. ಮೂರೂ ಗಂಟು ನೆಟ್ಟಗ ಬಿದ್ದಂಗ ಮಾಡಿಕೊಡು. ಮುಂದಿನಾವಗ ಅದ ಪಾಠ.” ಎರಡನೇ ಯಂತ್ರ ತಯಾರಿದೆ. ಹಾರುಮನೆಯ ಮಾನ ಉಳಿಸಲು ಈ ಸಲ ತನ್ನ ಮಗ ಕಲ್ಮೇಶನನ್ನೇ ಏರಿಸುತ್ತಾನೆ.

ನಾನು ಇಲ್ಲ ಎನ್ನಲಿಲ್ಲ. ಹೊನ್ನವ್ವನ ಮೊದಲ ಇಳಿತವನ್ನು ಎದುರಿನಿಂದ ಒಮ್ಮೆ, ಬಗಲಿನಿಂದ ಒಮ್ಮೆ, ಹಿಂದಿನಿಂದ ಒಮ್ಮೆ ಜೋಡಿಸಿದೆ. ನಿಧಾನಗತಿ ಹಾಕಿದೆ, ಗಟ್ಟಿಮೇಳ ಹಾಕಿದೆ, ಉಳಿದದ್ದನ್ನು ಕತ್ತರಿಸಿದೆ. ಗುರುಪಾದ, ನಿನಗಿಂತ ಚೆನ್ನಾಗಿ ಮಾಡಿದ್ದೇನೆ. ಗೋಡೆಯ ಮೇಲೆ ನನ್ನ ಮಗಳು ಮೂರು ಸಲ ಇಳಿಯುತ್ತಾಳೆ, ಒಂದು ಸಲವೂ ಸಾಯುವುದಿಲ್ಲ.

ಮೊನ್ನೆ ಹೊತ್ತು ಇಳಿಯುವಾಗ ಕಲ್ಮೇಶ ನನ್ನ ಹಗೇವಿಗೆ ಬಂದ. ತಂದೆಯಂಥವನಲ್ಲ ಅವನು, ನನ್ನ ಮಗಳ ಮೇಲೆ ಮನಸ್ಸಿಟ್ಟಿದ್ದವನು ಎಂದು ನನಗೆ ಮೊದಲೇ ಗೊತ್ತಿತ್ತು. ಕೂತವನೇ ಕೇಳಿದ: “ಅತ್ತಿ, ಒಂದ್ ಮಾತು ಕೇಳ್ತೀನಿ, ಬೈಬ್ಯಾಡ್ರಿ. ಮೊದಲನೇ ಗಂಟಿಗೇ ಆಕಿ ಇಳದಿದ್ಲಲ್ಲ? ಅಷ್ಟಕ್ಕ ಬಿಟ್ಟಿದ್ರ ಬದುಕ್ತಿದ್ಲು ಅನಸ್ತೈತಿ. ನೀವು ಚಿತ್ರಾ ಓದಿದವರು. ಖರೇ ಹೇಳ್ರಿ, ಒಂದ ಸಾಕೇನು?”

ಇಡೀ ಸೀಮೆಯಲ್ಲಿ ಆ ಪ್ರಶ್ನೆಯನ್ನು ಕೇಳಿದವನು ಅವನೊಬ್ಬನೇ. ನಾನು ಅವನ ಮುಖವನ್ನು ನೋಡಿದೆ. ಅವನಪ್ಪನ ಮೂಗು, ಅವನಪ್ಪನ ಗದ್ದ.

“ಮೂರು ಬೀಳಬೇಕಪ್ಪಾ,” ಎಂದೆ. “ನಿಮ್ಮಪ್ಪ ಹೇಳೂದು ಖರೇ ಐತಿ.” ಹೇಳಿ ಚಿತ್ರ ತೋರಿಸಿದೆ. ಅವನು ಕಣ್ಣೊರೆಸಿಕೊಂಡು ನೋಡಿದ. “ಎಷ್ಟ್ ಛಂದ ಇಳದಾಳ್ರಿ ಅತ್ತಿ,” ಎಂದ. ನನ್ನ ಕಾಲು ಮುಟ್ಟಿ ನಮಸ್ಕಾರ ಮಾಡಿ ಹೋದ.

ಈಗ ನನ್ನ ಬೇಡಿಕೆ. ನೀನು ಇದನ್ನು ಓದುವ ಹೊತ್ತಿಗೆ ಆ ವಿಮಾನದ ಚಿತ್ರಗಳು ಇನ್ನೂ ನಿನ್ನ ಪರದೆಯ ಮೇಲೆ ಹೋಳು ಹೋಳಾಗಿ ಬಿದ್ದಿರುತ್ತವೆ. ಮೂರರಲ್ಲಿ ಎರಡನ್ನು ತೆಗೆದುಹಾಕು. ಬಿದ್ದದ್ದನ್ನು ಒಂದಾದರೂ ಬಿಡು, ನಿನ್ನ ತಾಯಿ ಊಟಕ್ಕೆ ಕರೆಯುವುದನ್ನೂ ಬಿಡು. ಹಿನ್ನಂಚೆಯಿಂದ ಏನಾದರೂ ಬದಲಾಗುತ್ತದೆಯೇ ಎಂದು ಇಲ್ಲಿ ಯಾರಿಗೂ ಗೊತ್ತಿಲ್ಲ. ಬದಲಾದರೆ ನನ್ನ ಮಗಳು ಒಂದು ಗಂಟಿಗೆ ಇಳಿದು, ಹಸಿದು ಮನೆಗೆ ಬರುತ್ತಾಳೆ; ನನಗೆ ಬೇಕಾದದ್ದು ಅದೊಂದೇ. ಅವಳ ಜೊತೆಗೆ ಕಲ್ಮೇಶನೂ ಉಳಿಯುತ್ತಾನೆ, ಉಳಿಯಲಿ. ಆದರೆ ಅವನನ್ನು ಉಳಿಸುವುದಿದ್ದರೆ ನೀನೇ ಉಳಿಸಬೇಕು, ನಾನು ಉಳಿಸುವುದಿಲ್ಲ. ಹುಣ್ಣಿಮೆಯ ದಿನ ಅವನು ಏರುತ್ತಾನೆ. ಮರುದಿನ ಶಿವಬಸಪ್ಪ ಮಗನ ಚಿತ್ರ ಮಾಡಿಸಲು ನನ್ನ ಹತ್ತಿರವೇ ಬರಬೇಕು. ಗಟ್ಟಿಮೇಳ ಆರಿಸಿ ಇಟ್ಟಿದ್ದೇನೆ.

ಫಕೀರವ್ವ