ಬಾಯಿ ಮುಚ್ಚಿ ಹಾಡುವ ಚರಣ

ಜನವರಿ 6

ಯುದ್ಧದಲ್ಲಿ ಮಡಿದವರ ಸ್ಮರಣೆಯ ಸರ್ಕಾರಿ ಕಾರ್ಯಕ್ರಮದವರು ಕೊಟ್ಟ ಮಾತು: ನನ್ನ ತಮ್ಮ ಸಾಯುವ ಮುಂಚೆ ಗಡಿಯಲ್ಲಿ ಬರೆದ ಪದ್ಯದ ನಾಲ್ಕೂ ಚರಣ ಹಾಡಿಸುತ್ತೇವೆ. ಅವನ ಹೆಸರು ಹೇಳುತ್ತೇವೆ. ಅಮ್ಮ ಮೇಳದ ಮುಂದಿನ ಸಾಲಲ್ಲಿ ಹಾಡುತ್ತಾಳೆ.

ಆಗಿದ್ದು: ಮೂರೇ ಚರಣ. ಹೆಸರಿಲ್ಲ, 'ಒಬ್ಬ ವೀರಯೋಧ'. ಅಮ್ಮ ಮುಂದಿನ ಸಾಲಲ್ಲೇ ಇದ್ದಾಳೆ, ಹಾಡುವಂತಿಲ್ಲ. ಶ್ರುತಿ ತಪ್ಪುತ್ತಾಳಂತೆ. ಸಂಗೀತದ ಮೇಷ್ಟ್ರು ನಯವಾಗಿಯೇ ಹೇಳಿದರು — "ಅಮ್ಮಾ, ನೀವು ಸುಮ್ನೆ ತುಟಿ ಅಲ್ಲಾಡಿಸಿ. ಕ್ಯಾಮೆರಾಗೆ ಅಷ್ಟು ಸಾಕು."

ನಾಲ್ಕನೇ ಚರಣಕ್ಕೆ ಎಲ್ಲರೂ ಬಾಯಿ ಮುಚ್ಚಿ 'ಮ್...' ಎನ್ನಬೇಕು. ಪದ ಬೇಡ, ಭಾವ ಸಾಕಂತೆ. ಈ ಡೈರಿಯಲ್ಲಾದರೂ ಇರಲಿ ಆ ಪದ:

ನಮ್ಮನ್ನು ಕಳಿಸಿದವರೇ, ಹೇಳಿ —
ನಿಮ್ಮ ಮಕ್ಕಳ ಹೆಸರು ಯಾವ ಕಲ್ಲಲ್ಲಿ?

ಜನವರಿ 20

ದಿನವಿಡೀ ಅಂಗಡಿಯಲ್ಲಿ ಗಾಯಕರ ಬಿಳಿ ಜುಬ್ಬಾ ಹೊಲಿದೆ. ಸಂಜೆ ತಾಲೀಮು. ಅಮ್ಮ ಮೈಮರೆತು ದನಿ ತೆಗೆದಳು. ಮೇಷ್ಟ್ರು ಕೋಲಿನಿಂದ ಸ್ಟ್ಯಾಂಡ್ ಕುಟ್ಟಿದರು. ಇಡೀ ಮೇಳ ನಿಂತಿತು. ಮತ್ತೆ ಮೊದಲಿಂದ.

ಅಮ್ಮ ಎಲ್ಲರ ಕ್ಷಮೆ ಕೇಳಿದಳು. ಮಗ ಸತ್ತವಳು... ಕ್ಷಮೆ ಕೇಳಿದಳು.

ಫೆಬ್ರವರಿ 27

ದಾರಿ ಸಿಕ್ಕಿತು. ಮೇಳದಲ್ಲಿ ಎಲ್ಲರೂ ಒಟ್ಟಿಗೆ ಉಸಿರು ತೆಗೆದುಕೊಳ್ಳುವುದಿಲ್ಲ. ಒಬ್ಬರು ಉಸಿರಿಗೆಂದು ದನಿ ಬಿಟ್ಟಾಗ ಪಕ್ಕದವರು ಎಳೆದು ಹಿಡಿಯುತ್ತಾರೆ. ಅದಕ್ಕೇ ನಾದ ತುಂಡಾಗದು. ಎಲ್ಲರೂ ಒಮ್ಮೆಗೇ ಬಿಟ್ಟರೆ? ಹಾಡಿಗೇ ತೂತು. ಆ ತೂತಿನಲ್ಲಿ ಅಮ್ಮ ಎರಡು ಸಾಲು ಹೇಳಬೇಕು.

ಮೇಳದಲ್ಲಿ ನನ್ನ ಪಕ್ಕ ನಿಲ್ಲುವ ನರ್ಸ್ ಅದೇ ಯುದ್ಧದಲ್ಲಿ ಗಂಡನನ್ನು ಕಳೆದುಕೊಂಡವಳು. ಮೇಳದಲ್ಲಿ ಅರ್ಧ ಜನ ಅಂಥವರೇ. ಅವಳೇ ಒಬ್ಬೊಬ್ಬರನ್ನೂ ಒಪ್ಪಿಸಿದಳು. "ಬಾಯಿದ್ದೂ ಮೂಗರಾಗಿದ್ದು ಸಾಕು ಕಣೆ," ಎಂದಳು.

ಅಮ್ಮ ಪಾತ್ರೆ ಒರೆಸುತ್ತಿದ್ದಳು. ತಲೆ ಎತ್ತಲಿಲ್ಲ. "ನನ್ನ ಮಗನ ಮಾತು. ನಾನಲ್ದೆ ಇನ್ಯಾರು ಹೇಳ್ಬೇಕು?"

ಮಾರ್ಚ್ 15

ಸಭಾಂಗಣ ತುಂಬಿತ್ತು. ಎದುರಿಗೇ ಮಂತ್ರಿ. ಮೂರು ಚರಣ ಮುಗಿದವು. 'ಮ್...' ಶುರುವಾಯಿತು. ಮಾತಾಡಿಕೊಂಡಿದ್ದಂತೆ ಬೆರಳು ಮಡಿಸಿ ಮೇಳಕ್ಕೆ ಸನ್ನೆ ಮಾಡಿದೆ. ಕತ್ತರಿ ಹಾಕಿದಂತೆ ನಾದ ನಿಂತಿತು. ಮೇಷ್ಟ್ರ ಕೈ ಗಾಳಿಯಲ್ಲೇ ಉಳಿಯಿತು.

ಅಮ್ಮ ಒಂದು ಹೆಜ್ಜೆ ಮುಂದೆ ಬಂದಳು. ಎದೆ ಸೆಟೆಸಿ ಎರಡೂ ಸಾಲು ಹೇಳಿದಳು. ತುಟಿ ಒಂದಕ್ಷರವನ್ನೂ ತಪ್ಪಿಸಲಿಲ್ಲ — ಆದರೆ ದನಿ ಬರಲಿಲ್ಲ. ಎರಡು ತಿಂಗಳು ಪಳಗಿಸಿದ್ದರಲ್ಲ... ಪಳಗಿಬಿಟ್ಟಿದ್ದಳು.

ಜನ ಮೌನಾಚರಣೆ ಎಂದುಕೊಂಡರು. ಎದ್ದು ನಿಂತರು. ಮಂತ್ರಿ ಕಣ್ಣೊರೆಸಿಕೊಂಡ. ಆಮೇಲೆ ಚಪ್ಪಾಳೆ.

ಮನೆಗೆ ಬರುವಾಗ ಬಸ್ಸಿನಲ್ಲಿ ಅಮ್ಮ ಕೈ ಹಿಡಿದುಕೊಂಡಳು. "ಕೊನೇವರೆಗೂ ಕೇಳಿಸಿರುತ್ತೆ ಅಲ್ವಾ? ಜೋರಾಗೇ ಹೇಳ್ದೆ."

ಹ್ಞೂಂ ಅಂದೆ.

ಮಾರ್ಚ್ 16

ಮೇಷ್ಟ್ರು ಹೇಳಿಕಳಿಸಿದ್ದಾರೆ. ಆ ಮೌನ ಮಂತ್ರಿಗೆ ತುಂಬಾ ಹಿಡಿಸಿತಂತೆ. ಇನ್ನು ಪ್ರತಿವರ್ಷವೂ ಇರಲಿ ಅಂತೆ — ಅಮ್ಮ ಮುಂದೆ ಬಂದು ತುಟಿ ಅಲ್ಲಾಡಿಸುವುದೂ. ಥೂ. ನಮ್ಮ ಸಿಟ್ಟಿಗೂ ಸ್ವರ ಹಾಕಿಬಿಟ್ಟರು.

ಸುದ್ದಿ ಕೇಳಿ ಅಮ್ಮ ಖುಷಿಯಾಗಿದ್ದಾಳೆ. ತನ್ನ ಮಾತು ಅವರಿಗೆ ನಾಟಿತಲ್ಲ ಎಂದು.

ಮೊದಲು ಅವಳಿಗೆ ನಿಜ ಹೇಳಬೇಕು. ನಾನೇ ಹೇಳಬೇಕು. ಆಮೇಲೆ ಅವಳನ್ನು ಕರೆದುಕೊಂಡೇ ಹೋಗಬೇಕು — ಬುಧವಾರ, ಸಂಜೆ ಆರಕ್ಕೆ, ನಮ್ಮ ಹೊಲಿಗೆ ಅಂಗಡಿಯಲ್ಲಿ ಮೇಳದವರ ಸಭೆ. ಬಾಯಿ ತೆರೆಯುವವರು ಮಾತ್ರ ಬರಲಿ.